ಹದಿನೇಳನೆಯ ಚೌಕ

ಗುರುವಾರ ರಾತ್ರಿ ಹೊಳೆದಂಡೆಯಲ್ಲಿ ಯಾರೂ ಇರುವುದಿಲ್ಲ.
ನಾನು, ಒಂದು ಅಳತೆಪಟ್ಟಿ, ಡಬ್ಬದ ತುಂಬ ಸೀಮೆಸುಣ್ಣ.
ಪುರಸಭೆಯ ಕಡತದಲ್ಲಿ ಪ್ರೊಬರ್ಟ್, ಮಾರುಕಟ್ಟೆ ಮೇಲ್ವಿಚಾರಕ;
ಊರ ಬಾಯಲ್ಲಿ ಬರೀ ಸುಣ್ಣದವನು.
ಮೂರು ಮೀಟರಿಗೊಂದು ಗೆರೆ, ಚೌಕಕ್ಕೊಂದು ಅಂಕಿ,
ಒಂದರಿಂದ ಇಪ್ಪತ್ತೆರಡು.
ಅಂಕಿಗೊಮ್ಮೆ ಮೊಣಕಾಲು ಗೊಣಗುತ್ತದೆ.
ಪಕ್ಕದಲ್ಲಿ ಸೆವರ್ನ್, ಕತ್ತಲಲ್ಲೂ ಕಂದು,
ನನ್ನನ್ನು ನೋಡಿ ನಗುವುದಿಲ್ಲ, ಅಷ್ಟು ಸೌಜನ್ಯ ಅದಕ್ಕಿದೆ.
ಪಬ್ಬಿನ ಗೋಡೆಯ ಮೇಲೆ ಅದರವೇ ಗೆರೆಗಳು:
ಅಜ್ಜನ ಕಾಲದ ನೆರೆ ನನ್ನ ಗಲ್ಲಕ್ಕೆ,
ನನ್ನ ಮದುವೆಯ ವರ್ಷದ್ದು ಹುಬ್ಬಿಗೆ.
ಅದೂ ಅಳೆಯುತ್ತದೆ. ಸಂಬಳವಿಲ್ಲ.

ಊರ ಹಬ್ಬಗಳೆಲ್ಲ ನನ್ನ ಗೆರೆ ದಾಟಿಯೇ ಹೋಗಬೇಕು.
ಜನವರಿಯಲ್ಲಿ ಸೇಬಿನ ಮರಗಳನ್ನು ನಿದ್ದೆಯಿಂದೆಬ್ಬಿಸಲು
ಬಾಣಲೆ ಬಡಿಯುತ್ತ ಹೊರಟವರಿಗೆ ಬಾಣದ ಗುರುತು;
ಮೇ ತಿಂಗಳಲ್ಲಿ ಗೆಜ್ಜೆ ಕಟ್ಟಿ, ಕರವಸ್ತ್ರ ಬೀಸಿ ಕುಣಿಯುವ
ನಮ್ಮ ದಂತವೈದ್ಯನಿಗೂ ಇಬ್ಬರು ಪ್ಲಂಬರುಗಳಿಗೂ ಒಂದು ವೃತ್ತ;
ನವೆಂಬರಿನ ಬೆಂಕಿಗೆ, ‘ಇಲ್ಲಿಂದಾಚೆ ಬರಬೇಡಿ.’
ಸೆಪ್ಟೆಂಬರಿನ ಈ ಮೂರು ದಿನ, ಕಡಲಾಚೆಯ ಸಂತೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ವ್ಯಾನುಗಳು.
ಟುಲೂಸಿನ ಸಾಸೇಜು, ಆಲಿವಿನ ಪೀಪಾಯಿ,
ತೋಳುದ್ದದ ಬ್ರೆಡ್ಡು, ಬೆಳ್ಳುಳ್ಳಿಯ ಜಡೆ.
ಹತ್ತು ಗಂಟೆಗೆ ಇಡೀ ಊರಿನ ಉಸಿರು ಬೇರೆ.
ಹದಿನೇಳು ಮಾತ್ರ ಖಾಲಿ.
ಹದಿನೇಳು ಓಡಿಲ್‌ಳದು, ಹನ್ನೊಂದು ವರ್ಷದಿಂದ:
ಗಾಡಿಯ ಗಾಲಿಯಷ್ಟು ಚೀಸು, ಹರಳುಪ್ಪಿನ ಬೆಣ್ಣೆ,
ನನ್ನ ಹೆಸರಿನ ಬಾಲವನ್ನು ನುಂಗಿಬಿಡುವ ನಾಲಿಗೆ.
ಬಂದರಿನಿಂದ ಫೋನು ಬಂತು. ಕಾಗದದಲ್ಲಿ ಒಂದು ಮೊಹರು ಕಡಿಮೆ,
ಹಸು ಆರೋಗ್ಯವಾಗಿತ್ತೆಂದು ವೈದ್ಯರೊಬ್ಬರು ಬರೆದುಕೊಡಬೇಕಂತೆ.
‘ಹಸು ಚೆನ್ನಾಗಿಯೇ ಇದೆ, ಪ್ರೊಬೇರ್,
ಹುಷಾರಿಲ್ಲದಿರುವುದು ನಾನು’ ಅಂದಳು.

ಸಾಸೇಜಿನವನು ಬೂಟಿನಲ್ಲೇ ಗೆರೆ ಒರೆಸಿ ಮೇಜು ಸರಿಸಿದ.
‘ಖಾಲಿ ಜಾಗ ತಾನೆ?’
ಅಲ್ಲ ಅಂದೆ. ಬಗ್ಗಿ ಮತ್ತೆ ಬರೆದೆ.

ಶನಿವಾರ ಒಂಬತ್ತಕ್ಕೆ ಹೆಸ್ಟರ್ ಬಂದು ಹದಿನೇಳರ ಮುಂದೆ ನಿಂತಳು,
ಅಭ್ಯಾಸಬಲ. ಅವಳ ಹಿಂದೆ ಚರ್ಚಿನ ಗಂಟೆ ಹೊಡೆಯುವ ಕ್ಲೆಮ್,
ಅವನ ಹಿಂದೆ ಇನ್ಯಾರೋ;
ಸಾಲು ಕಂಡರೆ ನಮ್ಮವರಿಗೆ ಕಾರಣ ಬೇಡ.
ಬರೀ ಕಲ್ಲುಹಾಸಿನೆದುರು ಹನ್ನೆರಡು ಜನ
ಅರ್ಧ ಗಂಟೆ ಹವೆಯ ಮಾತಾಡಿದರು,
ಏನೂ ಕೊಳ್ಳದೆ, ಏನೋ ಕೊಂಡವರಂತೆ ಚದುರಿದರು.

ಭಾನುವಾರ ಪ್ಲಾಸ್ಟಿಕ್ ಬಾತುಗಳ ಓಟ.
ಸಂತೆ ಹೊತ್ತಿಗೆ ಮೂರು ಮೊಳ ನೇಯುವ ಸಮಿತಿ
ಮಧ್ಯಾಹ್ನದವರೆಗೂ ಬಾತುಗಳ ಹೊಟ್ಟೆಗೆ ಅಂಕಿ ಬರೆಯುತ್ತಿತ್ತು.
ಸೇತುವೆಯಿಂದ ಸುರಿದರು, ಸಾವಿರ ಹಳದಿ;
ನಿಜದ ಹಂಸಗಳು ಮುಖ ತಿರುಗಿಸಿದವು.
ಗೆದ್ದದ್ದು ಒಂಬೈನೂರ ನಾಲ್ಕು, ಕಟುಕನ ಮೊಮ್ಮಗಳದು.
ಬಲೆ ಹಿಡಿದ ದೋಣಿಯವರು ಎಣಿಸಿದಾಗ ಐದು ಕಡಿಮೆ,
ಪ್ರತಿ ವರ್ಷದಂತೆ.
ಕಡಲಿಗೆ ಹೊರಟ ಬಾತನ್ನು ಕಾಗದ ಕೇಳುವವರಿಲ್ಲ.

ಆರೂವರೆಗೆ ಎಲ್ಲರೂ ಡೇರೆಯ ಬಟ್ಟೆ ಮಡಿಸುತ್ತಿರುವಾಗ
ಸೇತುವೆ ಇಳಿದು ಬಂತು ಅವಳ ವ್ಯಾನು,
ಅದಕ್ಕಿಂತ ಮೊದಲು ಅದರ ವಾಸನೆ.
ಬಾಗಿಲು ತೆರೆದರೆ ಮೂರು ದಿನ ಬಂದರಿನಲ್ಲಿ ಬೆವೆತ ಚೀಸು
ಕಾಗದದಿಂದ ತಾನಾಗಿ ಇಳಿದುಬರುತ್ತಿತ್ತು.
ಸಂತೆ ಮುಗಿಯಿತು ಅಂದೆ.
‘ಗೆರೆ ಇದೆಯಲ್ಲ’ ಅಂದಳು.

ಗೆರೆ ಇತ್ತು.
ಹೆಸ್ಟರ್ ಮನೆಯ ಚಪ್ಪಲಿಯಲ್ಲೇ ಬಂದಳು, ತಟ್ಟೆ ಹಿಡಿದು.
ಬ್ರೆಡ್ಡಿನವನು ಉಳಿದ ಬ್ರೆಡ್ಡು ತಂದ, ಸಾಸೇಜಿನವನು
ನನ್ನ ಮುಖ ನೋಡದೆ ಒಲೆ ತಂದ.
ಕ್ಲೆಮ್‌ನ ಗಡ್ಡಕ್ಕೆಲ್ಲ ಚೀಸು.
ಬಾಡಿಗೆ ಎಷ್ಟು ಎಂದು ಅವಳು ಎರಡು ಸಲ ಕೇಳಿದಳು.
ಬಾಯಿ ತುಂಬಿತ್ತು, ಉತ್ತರ ಕೊಡಲಾಗಲಿಲ್ಲ.
ಆಮೇಲೆ ರಸೀದಿಯಲ್ಲಿ ಬರೆದೆ: ಚೌಕ ಹದಿನೇಳು, ಅರ್ಧ ಗಂಟೆ.

ಸೇತುವೆಯ ದೀಪ ಹತ್ತಿ ಆಗಲೇ ಬಹಳ ಹೊತ್ತಾಗಿತ್ತು.